ರಾಜಾಜಿ ಎಂಬ ಸಂಪ್ರದಾಯವಾದಿ ಬರಹಗಾರ: ಮಲೆನಾಡಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಚಕ್ರವರ್ತಿ ರಾಜಗೋಪಾಲಾಚಾರಿ ಅವರ ಬದುಕು ಮತ್ತು ಬರಹದ ಬಗ್ಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಹಳೆಯ ಸಮಾಜವಾದಿ ಮನೆಗಳ ಹಿರಿಯರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೆಲವಕ್ಕೆ ಒಂದೆರಡು ವಾಕ್ಯದ ಉತ್ತರ ಸಾಕು. ಭೂಮಿಯ ಪ್ರಶ್ನೆಗೆ ಮಾತ್ರ ನಮ್ಮ ಜಿಲ್ಲೆಯಲ್ಲಿ ಹಾಗೆ ಚುಟುಕಾಗಿ ಹೇಳಿ ಮುಗಿಸಲು ಬರುವುದಿಲ್ಲ.

ರಾಜಾಜಿ ಯಾರು?

1878ರ ಡಿಸೆಂಬರ್ 10ರಂದು, ಆಗ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದವರು. 1972ರ ಡಿಸೆಂಬರ್ 25ರಂದು ಮದ್ರಾಸಿನಲ್ಲಿ ತೀರಿಕೊಂಡವರು. ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿ, ಗಾಂಧೀಜಿಯ ಜೊತೆ ಸೇರಿ ಜೈಲಿಗೆ ಹೋದರು. ಮದ್ರಾಸು ಪ್ರಾಂತ್ಯವನ್ನು ಎರಡು ಬಾರಿ ಆಳಿದರು. 1948ರ ಜೂನ್‌ನಿಂದ 1950ರ ಜನವರಿ 26ರವರೆಗೆ ಸ್ವತಂತ್ರ ಭಾರತದ ಏಕೈಕ ಭಾರತೀಯ ಗವರ್ನರ್ ಜನರಲ್ ಆಗಿದ್ದರು. 1954ರಲ್ಲಿ ಭಾರತರತ್ನ ಮೊದಲ ಬಾರಿಗೆ ಕೊಡಲ್ಪಟ್ಟಾಗ ಅದನ್ನು ಪಡೆದವರಲ್ಲಿ ಇವರೂ ಒಬ್ಬರು. ಇಷ್ಟೆಲ್ಲ ಆದಮೇಲೆ, ಎಂಬತ್ತರ ಅಂಚಿನಲ್ಲಿ, ಬೇರೆಯವರು ಆತ್ಮಕಥೆ ಬರೆದು ವಿಶ್ರಮಿಸುವ ವಯಸ್ಸಿನಲ್ಲಿ, ತಾವೇ ಕಟ್ಟಲು ನೆರವಾಗಿದ್ದ ಕಾಂಗ್ರೆಸ್ ಆಡಳಿತದ ಅತ್ಯಂತ ಹರಿತವಾದ ವಿಮರ್ಶಕರಾಗಿ ವಾರವಾರವೂ ಬರೆಯತೊಡಗಿದರು. ಇಲ್ಲಿನ ಹೆಚ್ಚಿನ ಪ್ರಶ್ನೆಗಳು ಈ ಕೊನೆಯ ಘಟ್ಟದ ಬರಹಗಾರನನ್ನು ಕುರಿತವು.

ಅವರನ್ನು ಸಂಪ್ರದಾಯವಾದಿ ಎನ್ನುವುದು ಸರಿಯೇ?

ಸರಿ, ಆದರೆ ಯಾವ ಅರ್ಥದಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾಂಗ್ರೆಸ್ಸೇ ಎಡಕ್ಕೆ ವಾಲಿರುವಾಗ ಅದಕ್ಕಿಂತಲೂ ಎಡಕ್ಕಿರುವ ಇನ್ನೊಂದು ಪಕ್ಷದಿಂದ ಪ್ರಜಾಪ್ರಭುತ್ವಕ್ಕೆ ಉಪಯೋಗವಿಲ್ಲ, ಬಲಗಡೆಯಲ್ಲಿ ಗಟ್ಟಿಯಾಗಿ ನಿಂತು ಮಾತನಾಡುವ ವಿರೋಧ ಪಕ್ಷ ಬೇಕು ಎಂದು 1950ರ ದಶಕದ ಕೊನೆಯಲ್ಲಿ ಅವರೇ ವಾದಿಸಿದರು. ಆ ಕಾಲದಲ್ಲಿ ತಮ್ಮನ್ನು ಬಲಪಂಥೀಯರೆಂದು ಒಪ್ಪಿಕೊಳ್ಳಲು ಬಹುತೇಕ ರಾಜಕಾರಣಿಗಳು ನಾಚುತ್ತಿದ್ದರು; ರಾಜಾಜಿ ನಾಚಲಿಲ್ಲ.

ಅವರ ವಿಚಾರದ ಬೇರು ಇದಕ್ಕಿಂತ ಹಳೆಯದು. 1921ರ ಕೊನೆಯಿಂದ 1922ರ ಆರಂಭದವರೆಗೆ ವೆಲ್ಲೂರು ಜೈಲಿನಲ್ಲಿ ಬರೆದ ದಿನಚರಿಯಲ್ಲಿ, ಸ್ವರಾಜ್ಯ ಬಂದ ಕೂಡಲೇ ಜನ ಸುಖವಾಗಿರುತ್ತಾರೆಂದು ಭಾವಿಸಬಾರದು, ಚುನಾವಣೆಗಳು ಮತ್ತು ಅವು ತರುವ ಭ್ರಷ್ಟತೆ, ಹಣದ ದರ್ಪ, ಆಡಳಿತದ ಅದಕ್ಷತೆ ಎಲ್ಲ ಸೇರಿ ಬದುಕನ್ನು ನರಕ ಮಾಡುತ್ತವೆ, ಆಗ ಜನ ಹಳೆಯ ಆಡಳಿತವನ್ನೇ ನೆನೆದು ನಿಟ್ಟುಸಿರಿಡುತ್ತಾರೆ ಎಂಬ ಅರ್ಥದ ಮಾತುಗಳನ್ನು ಅವರು ಬರೆದಿದ್ದಾರೆ. ಸ್ವರಾಜ್ಯಕ್ಕಾಗಿಯೇ ಸೆರೆಮನೆಯಲ್ಲಿ ಕೂತಿದ್ದವನು ಬರೆದ ಮಾತು ಇದು. ನಡತೆಯನ್ನು ಕಲಿಸುವ ಶಿಕ್ಷಣವೊಂದರಲ್ಲಿ ಮಾತ್ರ ಅವರು ಭರವಸೆ ಇಟ್ಟಿದ್ದರು. ಅಧಿಕಾರ ಯಾರ ಕೈಗೆ ಬಂದರೂ ಅದನ್ನು ಅನುಮಾನದಿಂದಲೇ ನೋಡಬೇಕು, ಮನುಷ್ಯನನ್ನು ತಿದ್ದುವುದು ಕಾನೂನಿಗಿಂತ ಆತ್ಮಸಂಯಮದ ಕೆಲಸ ಎಂಬ ಎರಡು ನಂಬಿಕೆಗಳು ಮುಂದಿನ ಐವತ್ತು ವರ್ಷ ಅವರ ಬರಹದಲ್ಲಿ ಉಳಿದವು. ಅವರ ಆಡಳಿತದಲ್ಲಿಯೂ ಅಷ್ಟೇ ಗಟ್ಟಿಯಾಗಿ ಉಳಿದವೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮುಂದೆ ಬರೋಣ.

ಕರ್ನಾಟಕದೊಂದಿಗೆ ಅವರಿಗೆ ಏನಾದರೂ ನಂಟಿತ್ತೇ?

ಇತ್ತು. ಹೊಸೂರು ಸೀಮೆಯ ಹುಡುಗನಿಗೆ ಹತ್ತಿರದ ದೊಡ್ಡ ಊರು ಬೆಂಗಳೂರೇ ಆಗಿದ್ದರಿಂದ ಅವರ ಕಾಲೇಜು ಓದು ಸೆಂಟ್ರಲ್ ಕಾಲೇಜಿನಲ್ಲಿ ನಡೆಯಿತು. ಕಾನೂನು ಓದಲು ಮದ್ರಾಸಿಗೆ ಹೋದದ್ದು ಆಮೇಲೆ. ಸೆಂಟ್ರಲ್ ಕಾಲೇಜಿನಲ್ಲಿ ಅವರ ಸಹಪಾಠಿಯಾಗಿದ್ದವರು, ಮುಂದೆ ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಮತ್ತು ‘ಕೆಲವು ನೆನಪುಗಳು’ ಬರೆದ ಲೇಖಕರಾಗಿ ಕನ್ನಡಿಗರಿಗೆ ಪರಿಚಿತರಾದ ನವರತ್ನ ರಾಮರಾಯರು. ಒಬ್ಬರು ಸರ್ಕಾರಿ ಸೇವೆಗೂ ಇನ್ನೊಬ್ಬರು ಸರ್ಕಾರವನ್ನು ಎದುರಿಸುವ ಚಳವಳಿಗೂ ಹೋದರು. ಸ್ನೇಹ ಮಾತ್ರ ಬದುಕಿನುದ್ದಕ್ಕೂ ಉಳಿಯಿತು.

ವಕೀಲರಾಗಿದ್ದವರು ಬರಹಗಾರರಾದದ್ದು ಹೇಗೆ?

ಪತ್ರಿಕೆಯ ಕೆಲಸ ಅವರಿಗೆ ಚಳವಳಿಯ ಜೊತೆಗೇ ಬಂತು. 1922ರಲ್ಲಿ ಗಾಂಧೀಜಿ ಜೈಲು ಸೇರಿದಾಗ ‘ಯಂಗ್ ಇಂಡಿಯಾ’ದ ಸಂಪಾದನೆಯ ಹೊಣೆ ಹೊತ್ತರು. 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯಂನಲ್ಲಿ ಗಾಂಧಿ ಆಶ್ರಮ ಕಟ್ಟಿ, ಅಲ್ಲಿಂದ ಪಾನನಿರೋಧಕ್ಕಾಗಿಯೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ನಡೆಸಿದರು. ಸಾಕ್ರೆಟೀಸ್ ಮತ್ತು ಮಾರ್ಕಸ್ ಅರೇಲಿಯಸ್‌ರನ್ನು ತಮಿಳಿಗೆ ತಂದರು, ಸಣ್ಣ ಕತೆಗಳನ್ನು ಬರೆದರು, ಜಗಲಿಯ ಮೇಲೆ ಕೂತು ಮಾತನಾಡಿದಂತೆ ರಸಾಯನಶಾಸ್ತ್ರವನ್ನು ವಿವರಿಸುವ ಪುಸ್ತಕವನ್ನೂ ಬರೆದರು. ವಿಜ್ಞಾನವನ್ನು ದೇಶಭಾಷೆಯಲ್ಲಿಯೇ ಹೇಳಬೇಕೆಂಬ ಹಂಬಲ ಅವರಿಗೆ ಬಹಳ ಹಿಂದಿನಿಂದಲೂ ಇತ್ತು. ಶಿವರಾಮ ಕಾರಂತರ ವಿಜ್ಞಾನ ಬರಹಗಳನ್ನು ಓದಿಕೊಂಡು ಬೆಳೆದ ಕನ್ನಡಿಗರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಂಧೀಜಿಯ ಅನುಯಾಯಿಯಾಗಿದ್ದವರು ಅವರನ್ನೇ ಏಕೆ ವಿರೋಧಿಸಿದರು?

1930ರ ಏಪ್ರಿಲ್‌ನಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ನಡೆಸಿದ ನಾಯಕ 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯನ್ನು ಒಪ್ಪಲಿಲ್ಲ. ಯುದ್ಧದ ನಡುವೆ ಆಡಳಿತವೇ ಕುಸಿದರೆ ಅರಾಜಕತೆ ಉಂಟಾಗುತ್ತದೆ, ಮುಸ್ಲಿಂ ಲೀಗಿನೊಂದಿಗೆ ಒಪ್ಪಂದವಾಗದೆ ಸ್ವಾತಂತ್ರ್ಯ ಬಂದರೆ ಅದು ರಕ್ತದಲ್ಲಿ ತೊಯ್ದು ಬರುತ್ತದೆ ಎಂಬುದು ಅವರ ಆತಂಕವಾಗಿತ್ತು. ಇದಕ್ಕಾಗಿ ಕಾಂಗ್ರೆಸ್ಸಿನಿಂದ ಹೊರಗುಳಿದರು, ಸಭೆಗಳಲ್ಲಿ ಅವಮಾನವನ್ನೂ ಅನುಭವಿಸಿದರು. 1944ರಲ್ಲಿ, ಲೀಗಿನೊಂದಿಗೆ ಒಪ್ಪಂದಕ್ಕಾಗಿ ಅವರು ಸೂಚಿಸಿದ್ದ ಸೂತ್ರವನ್ನೇ ಹಿಡಿದು ಗಾಂಧೀಜಿ ಜಿನ್ನಾರೊಂದಿಗೆ ಮಾತುಕತೆಗೆ ಕುಳಿತರು. ಆ ಮಾತುಕತೆ ಫಲಿಸಲಿಲ್ಲ. ಒಂಟಿಯಾಗಿ ನಿಲ್ಲುವ ಅಭ್ಯಾಸ ಅವರಿಗೆ ಆಗಲೇ ಆಗಿತ್ತು ಎಂಬುದನ್ನು ತಿಳಿದರೆ 1959ರಲ್ಲಿ ಕಾಂಗ್ರೆಸ್ಸಿನ ಎದುರು ಹೊಸ ಪಕ್ಷ ಕಟ್ಟಿದ ಅವರ ನಡೆ ಆಶ್ಚರ್ಯ ತರುವುದಿಲ್ಲ.

ತಾವೇ ಅಧಿಕಾರದಲ್ಲಿದ್ದಾಗ ಅವರು ಹೇಗೆ ನಡೆದುಕೊಂಡರು?

ಅವರ ಅಭಿಮಾನಿಗಳು ಬೇಗ ದಾಟಿಬಿಡುವ ಪ್ರಶ್ನೆ ಇದು. 1937ರಿಂದ 1939ರವರೆಗೆ ಮದ್ರಾಸಿನ ಪ್ರೀಮಿಯರ್, ಅಂದರೆ ಆಗಿನ ಮುಖ್ಯಮಂತ್ರಿ, ಆಗಿದ್ದಾಗ ಅವರು ಕೃಷಿಕರ ಸಾಲ ಪರಿಹಾರದ ಕಾನೂನು ತಂದರು, ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿ ಮಾಡಿದರು, ಅದರಿಂದ ಬೊಕ್ಕಸಕ್ಕೆ ಆದ ನಷ್ಟ ತುಂಬಲು ದೇಶದಲ್ಲಿಯೇ ಮೊದಲ ಸಾಮಾನ್ಯ ಮಾರಾಟ ತೆರಿಗೆಯನ್ನು ಹಾಕಿದರು. ಸರ್ಕಾರದ ಕೈ ಉದ್ದವಾಗಬಾರದೆಂದು ಮುಂದೆ ಬರೆದವರೇ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಆ ಕೈಯನ್ನು ಚಾಚಿದ್ದರು. ಅದೇ ಅವಧಿಯಲ್ಲಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿ, ವಿರೋಧಿಸಿದವರನ್ನು ಜೈಲಿಗೆ ಕಳಿಸಿದರು. ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ಚಳವಳಿಗಾರರು ಸೆರೆಯಲ್ಲಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡರು. ರಾಜಾಜಿ ಸರ್ಕಾರ ಹೋದಮೇಲೆ, 1940ರಲ್ಲಿ, ಗವರ್ನರ್ ಆ ಆದೇಶವನ್ನು ಹಿಂತೆಗೆದುಕೊಂಡರು.

1951ರಲ್ಲಿ ಕೇಂದ್ರದ ಗೃಹಮಂತ್ರಿಯಾಗಿ ಪತ್ರಿಕೆಗಳಲ್ಲಿ ಆಕ್ಷೇಪಾರ್ಹ ಬರಹಗಳನ್ನು ತಡೆಯುವ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿ ಸಮರ್ಥಿಸಿದವರೂ ಇವರೇ. ಕೆಲವೇ ವರ್ಷಗಳ ನಂತರ ಸ್ವತಃ ಪತ್ರಿಕೆಯೊಂದರ ಅಂಕಣದಲ್ಲಿ ಕೂತು ಸರ್ಕಾರವನ್ನು ಪ್ರತಿ ವಾರ ತರಾಟೆಗೆ ತೆಗೆದುಕೊಳ್ಳಲಿದ್ದ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ವಿರೋಧಾಭಾಸವಲ್ಲ.

1952ರ ಚುನಾವಣೆಯಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. ರಾಜಾಜಿಯನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ ಮುಖ್ಯಮಂತ್ರಿಯನ್ನಾಗಿಸಲಾಯಿತು. ಜನರಿಂದ ಆಯ್ಕೆಯಾಗದೆ ಬಂದರೆಂಬ ಟೀಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆ ವರ್ಷವೇ ಆಹಾರಧಾನ್ಯಗಳ ಮೇಲಿನ ನಿಯಂತ್ರಣ ಮತ್ತು ಪಡಿತರವನ್ನು ತೆಗೆದುಹಾಕಿದ್ದು ಅವರ ಆಡಳಿತದ ಅತ್ಯಂತ ಧೈರ್ಯದ ತೀರ್ಮಾನ. ಅನಾಹುತವಾಗುತ್ತದೆಂದು ಅಧಿಕಾರಿಗಳು ಹೆದರಿದ್ದರು, ಆಗಲಿಲ್ಲ. ಮುಂದೆ ಅವರು ಬರೆದ ಆರ್ಥಿಕ ಲೇಖನಗಳ ಹಿಂದಿರುವ ಆತ್ಮವಿಶ್ವಾಸಕ್ಕೆ ಈ ಅನುಭವವೇ ಮೂಲವೆಂದು ನನಗೆ ತೋರುತ್ತದೆ.

ಹಾಗಾದರೆ ಅವರು ಜಾತಿಪದ್ಧತಿಯ ಪರವಾಗಿದ್ದರೇ?

ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲಾಗದು. 1933ರಲ್ಲಿ ಅವರ ಮಗಳು ಲಕ್ಷ್ಮಿ ಗಾಂಧೀಜಿಯ ಮಗ ದೇವದಾಸರನ್ನು ಮದುವೆಯಾದರು. ಐಯಂಗಾರ್ ಮನೆತನದಲ್ಲಿ ಆ ಕಾಲಕ್ಕೆ ಅದು ಸಾಮಾನ್ಯ ಸಂಗತಿಯಾಗಿರಲಿಲ್ಲ. 1939ರಲ್ಲಿ ಮಧುರೆಯ ಮೀನಾಕ್ಷಿ ದೇವಸ್ಥಾನಕ್ಕೆ ದಲಿತರ ಪ್ರವೇಶವಾದಾಗ ಅವರ ಸರ್ಕಾರ ಕಾನೂನಿನ ರಕ್ಷಣೆ ಒದಗಿಸಿತು.

ಆದರೆ 1953ರ ಶಿಕ್ಷಣ ಯೋಜನೆ ಈ ಎಲ್ಲದರ ಮೇಲೆ ನೆರಳು ಚಾಚಿತು. ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿದ್ದು, ಉಳಿದ ಹೊತ್ತಿನಲ್ಲಿ ಮನೆಯ ಕಸುಬನ್ನು ಕಲಿಯಬೇಕೆಂಬುದು ಆ ಯೋಜನೆ. ಇದ್ದ ಶಾಲೆಗಳಲ್ಲಿಯೇ ಎರಡು ಪಾಳಿ ನಡೆಸಿ ಹೆಚ್ಚು ಮಕ್ಕಳಿಗೆ ಓದು ತಲುಪಿಸಬಹುದು, ಕೈಕೆಲಸಕ್ಕೆ ಗೌರವವೂ ಬರುತ್ತದೆ ಎಂಬುದು ಅವರ ಲೆಕ್ಕ. ಕ್ಷೌರಿಕನ ಮಗ ಕ್ಷೌರಿಕನಾಗಿಯೇ ಉಳಿಯಲಿ ಎಂಬುದೇ ಇದರ ಒಳ ಅರ್ಥವಲ್ಲವೇ ಎಂದು ಪೆರಿಯಾರ್ ಮತ್ತು ದ್ರಾವಿಡ ಮುನ್ನೇತ್ರ ಕಳಗದವರು (ಡಿ.ಎಂ.ಕೆ.) ಕೇಳಿದರು. ಅದಕ್ಕೆ ಕುಲಕಲ್ವಿ, ಅಂದರೆ ಕುಲದ ಕಲಿಕೆ ಎಂಬ ಹೆಸರನ್ನೂ ಅಂಟಿಸಿದರು. ಕಾಂಗ್ರೆಸ್ಸಿನೊಳಗೂ ವಿರೋಧ ಹೆಚ್ಚಿ 1954ರಲ್ಲಿ ರಾಜಾಜಿ ರಾಜೀನಾಮೆ ಕೊಟ್ಟರು. ಅವರ ಬಳಿಕ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ರಾಜಾಜಿಯ ಉದ್ದೇಶದಲ್ಲಿ ಕೇಡಿರಲಿಲ್ಲ ಎಂದು ಒಪ್ಪಿಕೊಂಡರೂ, ಮನೆಯ ಕಸುಬು ಎಂಬುದು ಎಲ್ಲ ಮನೆಗಳಿಗೂ ಒಂದೇ ಬಗೆಯ ಆಸ್ತಿಯಲ್ಲ ಎಂಬ ಸರಳ ಸಂಗತಿ ಅವರ ಗಮನಕ್ಕೆ ಬರಲಿಲ್ಲವೆಂಬುದನ್ನು ಹೇಳಲೇಬೇಕು. ತೋಟದ ಒಡೆಯನ ಮಗ ತೋಟ ಕಲಿಯುವುದಕ್ಕೂ ಅದೇ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವನ ಮಗ ಕೊನೆ ಕೊಯ್ಯುವುದನ್ನು ಕಲಿಯುವುದಕ್ಕೂ ಇರುವ ಅಂತರ ಮಲೆನಾಡಿನವರಿಗೆ ಗೊತ್ತು.

‘ಸ್ವರಾಜ್ಯ’ ಪತ್ರಿಕೆಯಲ್ಲಿ ಅವರು ಏನು ಬರೆಯುತ್ತಿದ್ದರು?

1956ರಲ್ಲಿ ಪತ್ರಕರ್ತ ಖಾಸಾ ಸುಬ್ಬರಾಯರು ಮದ್ರಾಸಿನಿಂದ ಹೊರತಂದ ಇಂಗ್ಲಿಷ್ ವಾರಪತ್ರಿಕೆ ‘ಸ್ವರಾಜ್ಯ’. ಅದರಲ್ಲಿ ರಾಜಾಜಿ ತಮ್ಮ ಕೊನೆಯ ವರ್ಷಗಳವರೆಗೂ ಬರೆದರು; ಅವರ ‘ಡಿಯರ್ ರೀಡರ್’ ಅಂಕಣಕ್ಕೆ ಕಾಯುವ ಓದುಗರಿದ್ದರು. ಬಜೆಟ್ಟು, ಹಣದುಬ್ಬರ, ಚುನಾವಣೆಗೆ ಸುರಿಯುವ ಹಣ, ಅಣುಬಾಂಬು, ಗೀತೆಯ ಒಂದು ಶ್ಲೋಕ, ಕುಡಿತ, ಇಂಗ್ಲಿಷಿನ ಸ್ಥಾನ ಹೀಗೆ ಯಾವುದೂ ಅಲ್ಲಿ ಬರಬಹುದಾಗಿತ್ತು.

ಶೈಲಿಯ ಬಗ್ಗೆ ಒಂದು ಮಾತು. ಅವರದು ವಕೀಲನ ಗದ್ಯ: ಚಿಕ್ಕ ವಾಕ್ಯ, ಎದುರಾಳಿಯ ವಾದವನ್ನು ಮೊದಲು ಸರಿಯಾಗಿ ಹೇಳಿ ಆಮೇಲೆ ಬಿಚ್ಚುವ ಕ್ರಮ, ಅಲ್ಲಲ್ಲಿ ಪುರಾಣದ ಒಂದು ಉಪಮೆ. ದೊಡ್ಡ ದನಿಯಿಲ್ಲ, ವಿಶೇಷಣಗಳ ಗುಡ್ಡೆಯೂ ಇಲ್ಲ. ನೆಹರೂ ಅವರ ಆರ್ಥಿಕ ನೀತಿಯನ್ನು ಅವರಷ್ಟು ನಿಷ್ಠುರವಾಗಿ ಟೀಕಿಸಿದವರು ಕಡಿಮೆ. ಆದರೂ ಇಬ್ಬರ ನಡುವೆ ಪರಸ್ಪರ ಗೌರವ ಉಳಿದಿತ್ತು.

ಪರ್ಮಿಟ್-ಲೈಸೆನ್ಸ್ ರಾಜ್ ಎಂಬ ಮಾತು ಅವರದೇ?

ಹೌದು, ಅದನ್ನು ಚಲಾವಣೆಗೆ ತಂದವರು ಅವರೇ. ಕಾರ್ಖಾನೆ ತೆರೆಯಲು, ಇರುವ ಕಾರ್ಖಾನೆಯನ್ನು ದೊಡ್ಡದು ಮಾಡಲು, ಯಂತ್ರ ತರಿಸಲು, ಎಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕೆಂದಾದಾಗ ಆಳುವ ಪಕ್ಷ ಲೈಸೆನ್ಸ್ ಕೊಡುತ್ತದೆ, ಪಡೆದ ಉದ್ಯಮಿ ಪಕ್ಷಕ್ಕೆ ಚುನಾವಣಾ ನಿಧಿ ಕೊಡುತ್ತಾನೆ, ಈ ಎರಡರ ನಡುವೆ ಸ್ಪರ್ಧೆಯೂ ಬಳಕೆದಾರನೂ ನಲುಗುತ್ತಾರೆ ಎಂಬುದು ಅವರ ವಾದ. ದೊಡ್ಡ ಉದ್ಯಮಪತಿಗಳು ಈ ವ್ಯವಸ್ಥೆಯ ಬಲಿಪಶುಗಳಲ್ಲ, ಫಲಾನುಭವಿಗಳು ಎಂದು ಅವರು ಗುರುತಿಸಿದ್ದರು. ಬಂಡವಾಳಶಾಹಿಗಳ ವಕ್ತಾರ ಎಂದು ಅವರನ್ನು ತಳ್ಳಿಹಾಕುವವರು ಸಾಮಾನ್ಯವಾಗಿ ಈ ಭಾಗವನ್ನು ಓದಿರುವುದಿಲ್ಲ. 1991ರಲ್ಲಿ ಕೈಗಾರಿಕಾ ಲೈಸೆನ್ಸುಗಳ ಬಹುಭಾಗವನ್ನು ತೆಗೆದುಹಾಕಿದ್ದು ಅದೇ ಕಾಂಗ್ರೆಸ್ ಪಕ್ಷದ ಸರ್ಕಾರ.

ಇದೇ ಅನುಮಾನ ನಮ್ಮ ಕಡೆ ಬೇರೆ ದಾರಿಯಿಂದ ಬಂತು. ಭತ್ತ ಬೆಳೆದವನು ಸರ್ಕಾರಕ್ಕೆ ಲೆವಿ, ಅಂದರೆ ಕಡ್ಡಾಯದ ಪಾಲು, ಅಳೆಯಬೇಕಾಗಿದ್ದ ಕಾಲವನ್ನು ಶಿವಮೊಗ್ಗ ಜಿಲ್ಲೆಯ ಹಿರಿಯ ರೈತರು ಇನ್ನೂ ಮರೆತಿಲ್ಲ. 1980ರಲ್ಲಿ ಇಲ್ಲಿಂದಲೇ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮುಂತಾದವರ ಮುಂದಾಳತ್ವದಲ್ಲಿ ಎದ್ದ ರೈತ ಸಂಘ, ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂಬ ಬೋರ್ಡುಗಳನ್ನು ಹಳ್ಳಿಗಳ ಬಾಗಿಲಲ್ಲಿ ನಿಲ್ಲಿಸಿತು. ಅವರು ಓದಿದ್ದು ಸಮಾಜವಾದಿ ಚಿಂತಕ ಲೋಹಿಯಾರನ್ನು. ರಾಜಾಜಿಯ ಹೆಸರು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಆದರೂ ಆ ಬೋರ್ಡನ್ನು ಕಂಡಿದ್ದರೆ ಮುದುಕ ರಾಜಾಜಿ ಮೆಚ್ಚುತ್ತಿದ್ದರೇನೋ.

ಸ್ವತಂತ್ರ ಪಕ್ಷ ಹುಟ್ಟಿದ್ದು ಏಕೆ?

1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ, ಮುಂದಿನ ದಿನಗಳಲ್ಲಿ ದೇಶದ ಕೃಷಿ ಜಂಟಿ ಸಹಕಾರಿ ಬೇಸಾಯದ ಮಾದರಿಯಲ್ಲಿ ನಡೆಯಬೇಕೆಂದು ನಿರ್ಣಯಿಸಿತು. ಜಮೀನುಗಳನ್ನು ಒಟ್ಟುಗೂಡಿಸಿ ಉಳುವುದು, ಒಡೆತನದ ಹಕ್ಕು ಕಾಗದದ ಮೇಲೆ ಉಳಿಯುವುದು, ಫಸಲನ್ನು ಜಮೀನಿನ ಪಾಲಿಗೂ ದುಡಿಮೆಗೂ ತಕ್ಕಂತೆ ಹಂಚುವುದು ಅದರ ಸಾರ. ಸಣ್ಣ ರೈತ ತನ್ನ ಹೊಲದಲ್ಲಿಯೇ ಕೂಲಿಯಾಗುತ್ತಾನೆ ಎಂದು ರಾಜಾಜಿ ಮತ್ತು ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ವಿರೋಧಿಸಿದರು, ಕಾಂಗ್ರೆಸ್ಸಿನೊಳಗೇ ಇದ್ದ ಚರಣ್ ಸಿಂಗ್ ಕೂಡ ವಿರೋಧಿಸಿದರು. ಆ ವರ್ಷದ ಜೂನ್‌ನಲ್ಲಿ ಮದ್ರಾಸಿನಲ್ಲಿ ಹೊಸ ಪಕ್ಷದ ಘೋಷಣೆಯಾಯಿತು. ರಂಗಾ ಅಧ್ಯಕ್ಷರು, ಮುಂಬಯಿಯ ಮಿನೂ ಮಸಾನಿ ಪ್ರಧಾನ ಕಾರ್ಯದರ್ಶಿ. ರಾಜಾಜಿಗೆ ಆಗ ಎಂಬತ್ತು ವರ್ಷ.

ಅದು ಜಮೀನ್ದಾರರ ಪಕ್ಷವೇ ಅಲ್ಲವೇ? ಕಾಗೋಡಿನ ನೆಲದಲ್ಲಿ ನಿಂತು ಅವರನ್ನು ಹೇಗೆ ಓದುವುದು?

ಶಿವಮೊಗ್ಗದಲ್ಲಿ ರಾಜಾಜಿಯ ಹೆಸರೆತ್ತಿದರೆ ಮೊದಲು ಎದುರಾಗುವ ಪ್ರಶ್ನೆ ಇದು, ಎದುರಾಗಲೇಬೇಕಾದದ್ದು ಕೂಡ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು, ಹೆಚ್ಚಿನವರು ದೀವರ ಸಮುದಾಯದವರು, ಗೇಣಿ ಅಳೆಯುವ ಕೊಳಗದ ಮೋಸವನ್ನು ಪ್ರಶ್ನಿಸಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿದರು. ಸಮಾಜವಾದಿಗಳು ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ವಿಧಾನಸಭೆ ಪ್ರವೇಶಿಸಿದರು. ಕಾಗೋಡು ಸತ್ಯಾಗ್ರಹ ನಡೆಯುತ್ತಿದ್ದಾಗ ದೆಹಲಿಯಲ್ಲಿ ಗೃಹಮಂತ್ರಿಯಾಗಿದ್ದವರು ರಾಜಾಜಿ.

ಸ್ವತಂತ್ರ ಪಕ್ಷಕ್ಕೆ ರಾಜಮನೆತನಗಳ ಮತ್ತು ದೊಡ್ಡ ಭೂಮಾಲೀಕರ ಬೆಂಬಲ ಧಾರಾಳವಾಗಿತ್ತು. ಜೈಪುರದ ಗಾಯತ್ರಿದೇವಿ ಅದರ ಸಂಸದೆಯಾಗಿದ್ದರು. ರಾಮಗಢದ ರಾಜರ ಬೆಂಬಲದಿಂದಲೇ ಬಿಹಾರದಲ್ಲಿ ಪಕ್ಷ ಕಾಲೂರಿತು. ಆದ್ದರಿಂದ ಆರೋಪ ಸುಳ್ಳಲ್ಲ. ಆದರೆ ರಾಜಾಜಿಯ ಬರಹವನ್ನೇ ತೆಗೆದುಕೊಂಡರೆ ಅವರು ಕಾಯಲು ಹೊರಟದ್ದು ಅರಮನೆಯನ್ನಲ್ಲ. ತನ್ನ ಕೈಯಿಂದ ಉಳುವ ಸಣ್ಣ ಒಡೆಯನನ್ನು. ಜಂಟಿ ಬೇಸಾಯದ ವಿಷಯದಲ್ಲಿ ಅವರ ಮಾತು ನಿಜವಾಯಿತು ಎಂದೇ ನಾನು ಹೇಳುತ್ತೇನೆ. ಆ ನಿರ್ಣಯ ನೆಲಕ್ಕಿಳಿಯಲೇ ಇಲ್ಲ, ಸರ್ಕಾರವೂ ಅದನ್ನು ಸದ್ದಿಲ್ಲದೆ ಬದಿಗಿಟ್ಟಿತು. ಬೆಳೆಗಾರರು ಒಟ್ಟಾಗಿ ಅಡಿಕೆ ಮಾರಲು ಕಟ್ಟಿಕೊಂಡ ಮ್ಯಾಮ್ಕೋಸ್‌ನಂತಹ ಸಂಘ ದಶಕಗಳಿಂದ ಶಿವಮೊಗ್ಗದಲ್ಲಿ ನಡೆದುಕೊಂಡು ಬಂದಿದೆ. ಮಾರುವುದಕ್ಕೆ ಸೇರುವುದು ಒಂದು, ತೋಟದ ಬೇಲಿ ಕಿತ್ತು ಸೇರುವುದು ಇನ್ನೊಂದು ಎಂಬುದನ್ನು ಇಲ್ಲಿಯ ರೈತನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅವರ ವಿಚಾರ ಎಡವುವುದು ಗೇಣಿಯ ವಿಷಯದಲ್ಲಿ. ಉಳುವವನೂ ಒಡೆಯನೂ ಒಬ್ಬನೇ ಆಗಿರುವ ಊರನ್ನು ಮನಸ್ಸಿನಲ್ಲಿಟ್ಟು ಅವರು ಬರೆದರು. ಮೂರು ತಲೆಮಾರು ಉತ್ತವನ ಹೆಸರು ಪಹಣಿಯಲ್ಲಿ ಇಲ್ಲದಿರುವ, ಒಡೆಯ ಅಗ್ರಹಾರದ ಜಗಲಿಯಿಂದ ಇಳಿಯದಿರುವ ಊರಿನಲ್ಲಿ ಆಸ್ತಿಯ ಹಕ್ಕು ಪವಿತ್ರ ಎಂದರೆ ಯಾರ ಹಕ್ಕು ಎಂಬ ಪ್ರಶ್ನೆಗೆ ಅವರ ಅಂಕಣಗಳಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ. ಕರ್ನಾಟಕದ ಭೂಸುಧಾರಣಾ ಕಾನೂನಿನ 1974ರ ತಿದ್ದುಪಡಿಯ ನಂತರ ಡಿಕ್ಲರೇಷನ್ (ಗೇಣಿ ಜಮೀನಿನ ಹಕ್ಕು ಕೋರುವ ಅರ್ಜಿ) ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಜಮೀನು ಪಡೆದ ಮಲೆನಾಡಿನ ಕುಟುಂಬಗಳು ರಾಜಾಜಿ ಬಯಸಿದ್ದ ಆ ಸಣ್ಣ ಒಡೆಯರೇ ಆದರು. ಆದರೆ ಅವರನ್ನು ಒಡೆಯರನ್ನಾಗಿ ಮಾಡಿದ್ದು ರಾಜಾಜಿ ಒಪ್ಪದಿದ್ದ ಬಗೆಯ ಕಾನೂನು.

ಆಸ್ತಿಯ ಹಕ್ಕಿನ ಬಗೆಗಿನ ಅವರ ಬರಹದಲ್ಲಿ ನಮಗೆ ಉಪಯೋಗದ ಮಾತು ಏನೂ ಇಲ್ಲವೇ?

ಇದೆ. 1964ರಲ್ಲಿ ಸಂವಿಧಾನದ 17ನೇ ತಿದ್ದುಪಡಿ ಬಂದಾಗ ರಾಜಾಜಿ ಅದರ ವಿರುದ್ಧ ನಿರಂತರವಾಗಿ ಬರೆದರು. ಭೂಸುಧಾರಣೆಯ ಕಾನೂನುಗಳನ್ನು ನ್ಯಾಯಾಲಯದ ಕೈಗೆಟುಕದಂತೆ ಮಾಡುವುದೇ ಆ ತಿದ್ದುಪಡಿಯ ಗುರಿಯಾಗಿತ್ತು. ಆದರೆ ಮಿತಿಯೊಳಗಿನ, ಸ್ವಂತ ಬೇಸಾಯದ ಜಮೀನನ್ನು ಸರ್ಕಾರ ತೆಗೆದುಕೊಂಡರೆ ಮಾರುಕಟ್ಟೆ ದರಕ್ಕೆ ಕಡಿಮೆಯಾಗದ ಪರಿಹಾರ ಕೊಡಬೇಕೆಂಬ ಮಾತೂ ಅದೇ ತಿದ್ದುಪಡಿಯಲ್ಲಿ ಸೇರಿತು. ಸರ್ಕಾರದ ಉದ್ದೇಶ ಒಳ್ಳೆಯದು ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯದ ಬಾಗಿಲು ಮುಚ್ಚಬಾರದು ಎಂಬುದು ರಾಜಾಜಿಯ ಹಟ.

ಅದೇ ವರ್ಷ ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಕೊಡುವ ಉದ್ದೇಶದ ಒಳ್ಳೆಯತನವನ್ನು ಆಗ ಯಾರೂ ಪ್ರಶ್ನಿಸಲಿಲ್ಲ. ಊರು ಮುಳುಗಿ ಎದ್ದು ಹೋದ ಶರಾವತಿ ಸಂತ್ರಸ್ತರ ಕುಟುಂಬಗಳು ಕಾಡಿನಂಚಿನಲ್ಲಿ ಸಿಕ್ಕ ಜಾಗಕ್ಕೆ ಹಕ್ಕುಪತ್ರ ಬೇಡಿ ಅರ್ಧ ಶತಮಾನ ದಾಟಿದರೂ ಕಚೇರಿ ಅಲೆಯುತ್ತಿರುವುದನ್ನು ನೋಡಿದವರು, ಆಸ್ತಿಯ ಹಕ್ಕು ಶ್ರೀಮಂತರ ಚಿಂತೆ ಮಾತ್ರ ಎಂದು ಸುಲಭವಾಗಿ ಹೇಳಲಾರರು.

ಚುನಾವಣೆಯಲ್ಲಿ ಪಕ್ಷ ಎಷ್ಟು ಗೆದ್ದಿತು?

ಲೋಕಸಭೆಯಲ್ಲಿ 1962ರಲ್ಲಿ 18, 1967ರಲ್ಲಿ 44, 1971ರಲ್ಲಿ 8 ಸ್ಥಾನ. 1967ರಲ್ಲಿ ಅದು ಅತಿ ದೊಡ್ಡ ವಿರೋಧ ಪಕ್ಷವಾಗಿತ್ತು. ರಾಜಾಜಿ ತೀರಿಕೊಂಡ ಎರಡೇ ವರ್ಷಗಳಲ್ಲಿ, 1974ರಲ್ಲಿ, ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ವಿಲೀನವಾಯಿತು.

ಹಿಂದಿಯನ್ನು ಕಡ್ಡಾಯ ಮಾಡಿದವರೇ ಹಿಂದಿಯನ್ನು ವಿರೋಧಿಸಿದ್ದು ಹೇಗೆ?

1937ರಲ್ಲಿ ಹಿಂದಿ ಅವರಿಗೆ ರಾಷ್ಟ್ರೀಯ ಚಳವಳಿಯ ಭಾಷೆಯಾಗಿ ಕಂಡಿತ್ತು. 1950ರ ದಶಕದ ಕೊನೆಯ ಹೊತ್ತಿಗೆ ಒಂದು ಪ್ರದೇಶದ ಜನ ಉಳಿದವರ ಮೇಲೆ ನೌಕರಿಯಲ್ಲೂ ಆಡಳಿತದಲ್ಲೂ ಪಡೆಯುವ ಮೇಲುಗೈಯಾಗಿ ಕಂಡಿತು. ಇಂಗ್ಲಿಷನ್ನು ಸರಸ್ವತಿಯ ಕೊಡುಗೆ ಎಂದೇ ಅವರು ಕರೆದರು. 1967ರ ಚುನಾವಣೆಯಲ್ಲಿ, ಒಂದು ಕಾಲದಲ್ಲಿ ತಮ್ಮನ್ನು ಕಟುವಾಗಿ ವಿರೋಧಿಸಿದ್ದ ಡಿ.ಎಂ.ಕೆ. ಜೊತೆಗೇ ಕೈಜೋಡಿಸಿದರು. ಅವಕಾಶವಾದ ಎಂದವರಿದ್ದಾರೆ, ನನಗೆ ಅದು ಹಾಗೆ ತೋರುವುದಿಲ್ಲ, ಏಕೆಂದರೆ ಮದ್ರಾಸಿನಲ್ಲಿ ಕಾಂಗ್ರೆಸ್ಸಿನ ಏಕಸ್ವಾಮ್ಯ ಮುರಿಯಬೇಕೆಂಬ ಮಾತನ್ನು ಅವರು ಎಂದೂ ಮುಚ್ಚಿಟ್ಟಿರಲಿಲ್ಲ.

ಅಣ್ವಸ್ತ್ರದ ಬಗ್ಗೆ ಅವರ ನಿಲುವೇನು?

ಬಲಪಂಥೀಯನೆಂದರೆ ಅಣುಬಾಂಬಿನ ಪರ ಎಂದು ಎಣಿಸುವವರಿಗೆ ಇದು ಒಗಟಾಗುತ್ತದೆ. ಅಣ್ವಸ್ತ್ರ ಪರೀಕ್ಷೆಗಳನ್ನು ಅವರು ಅಧರ್ಮವೆಂದೇ ಬರೆದರು. 1962ರ ಸೆಪ್ಟೆಂಬರಿನಲ್ಲಿ, 83ನೆಯ ವಯಸ್ಸಿನಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದಲ್ಲಿ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡು ಪರೀಕ್ಷೆ ನಿಲ್ಲಿಸುವಂತೆ ಕೇಳಿದರು. ಆ ನಿಯೋಗದಲ್ಲಿ ಅವರ ಜೊತೆಗಿದ್ದ ಇಬ್ಬರೂ ನಮ್ಮವರೇ: ಧಾರವಾಡದ ಆರ್.ಆರ್. ದಿವಾಕರರು ಮತ್ತು ಮಂಗಳೂರಿನ ಬೆನಗಲ್ ಶಿವರಾಯರು.

ಅವರ ರಾಮಾಯಣವನ್ನು ಕುವೆಂಪು ಅವರ ಜೊತೆ ಇಟ್ಟು ಓದಬಹುದೇ?

ಓದಲೇಬೇಕು, ಅದರಲ್ಲೂ ತೀರ್ಥಹಳ್ಳಿಯವರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು; ‘ಕಲ್ಕಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದ ರಾಜಾಜಿಯ ತಮಿಳು ರಾಮಾಯಣ ‘ಚಕ್ರವರ್ತಿ ತಿರುಮಗನ್’ಗೆ ಅದೇ ಪ್ರಶಸ್ತಿ 1958ರಲ್ಲಿ ಬಂತು. ಕುವೆಂಪು ಕತೆಯನ್ನು ಹೊಸದಾಗಿ ಕಂಡರು, ರಾವಣನಿಗೂ ಉದ್ಧಾರದ ದಾರಿ ತೆರೆದರು. ರಾಜಾಜಿಗೆ ಅಂತಹ ಹೊಸ ದರ್ಶನದ ಹಂಬಲವಿರಲಿಲ್ಲ. ಅಜ್ಜ ಮೊಮ್ಮಕ್ಕಳಿಗೆ ಹೇಳುವಂತೆ, ಪರಂಪರೆ ಕೊಟ್ಟದ್ದನ್ನು ಕೆಡಿಸದೆ ದಾಟಿಸುವುದು ಅವರ ಕೆಲಸವಾಗಿತ್ತು. ಅವರ ಸಂಪ್ರದಾಯವಾದದ ಒಳ್ಳೆಯ ಮುಖ ಅಂಕಣಗಳಿಗಿಂತಲೂ ಇಲ್ಲಿ ಹೆಚ್ಚು ಸ್ಪಷ್ಟ. ಆದರೂ ಅವರು ಕಣ್ಣು ಮುಚ್ಚಿ ಒಪ್ಪಿಸಿದವರಲ್ಲ: ಸೀತೆಯನ್ನು ಕಾಡಿಗೆ ಕಳಿಸುವ ಉತ್ತರಕಾಂಡವನ್ನು ತಮ್ಮ ಕಥನಕ್ಕೆ ಸೇರಿಸಿಕೊಳ್ಳದೆ ಪಟ್ಟಾಭಿಷೇಕಕ್ಕೇ ನಿಲ್ಲಿಸಿದರು, ಆ ಭಾಗವನ್ನು ತಮ್ಮ ಮನಸ್ಸು ಒಪ್ಪದೆಂದೂ ಬರೆದರು.

ಅವರು ಇಂದಿನ ಬಲಪಂಥದ ಮೂಲಪುರುಷರೇ?

ಆರ್ಥಿಕ ವಿಚಾರದಲ್ಲಿ ಹಾಗೆನ್ನಲು ಸ್ವಲ್ಪ ಆಧಾರವಿದೆ. ಉಳಿದಂತೆ ಎಚ್ಚರ ಬೇಕು. ಪಾಕಿಸ್ತಾನದೊಂದಿಗೆ ರಾಜಿಯಾಗಬೇಕು, ಕಾಶ್ಮೀರದ ವಿಷಯದಲ್ಲಿ ಶೇಖ್ ಅಬ್ದುಲ್ಲಾರೊಂದಿಗೆ ಮಾತನಾಡಬೇಕು ಎಂದು 1964ರಲ್ಲಿ ಬರೆದು, ಅದಕ್ಕಾಗಿ ಸ್ವಂತ ಬಳಗದವರಿಂದಲೇ ಟೀಕೆ ಕೇಳಿಸಿಕೊಂಡವರನ್ನು ಈಗಿನ ಯಾವ ಗುಂಪೂ ಇಡಿಯಾಗಿ ತನ್ನವರೆಂದು ಹೇಳಿಕೊಳ್ಳಲಾರದು.

ಕೊನೆಯ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರು?

ಬರೆಯುತ್ತಿದ್ದರು, ಜಗಳವಾಡುತ್ತಿದ್ದರು. 1971ರಲ್ಲಿ ತಮಿಳುನಾಡು ಸರ್ಕಾರ ಪಾನನಿರೋಧವನ್ನು ಸಡಿಲಿಸಲು ಹೊರಟಾಗ, ತೊಂಬತ್ತು ದಾಟಿದ ರಾಜಾಜಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ತಾವೇ ಹೋಗಿ ಬೇಡವೆಂದು ಕೇಳಿಕೊಂಡರು. ಕರುಣಾನಿಧಿ ಗೌರವದಿಂದ ಕೇಳಿದರು, ತೀರ್ಮಾನ ಬದಲಿಸಲಿಲ್ಲ. ಲೈಸೆನ್ಸು ಬೇಡವೆಂದವರು ಹೆಂಡಕ್ಕೆ ಮಾತ್ರ ನಿಷೇಧ ಬೇಡುವುದು ಅಸಂಗತವಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಶುದ್ಧ ಮುಕ್ತ ಮಾರುಕಟ್ಟೆಯ ವಾದಿಗೆ ಅಸಂಗತ. ಬಡವನ ಸಂಜೆಯ ಕೂಲಿ ಮನೆಗೆ ತಲುಪಬೇಕು ಎಂಬುದನ್ನು ಆಶ್ರಮದ ದಿನಗಳಿಂದ ಹಿಡಿದುಕೊಂಡು ಬಂದವರಿಗೆ ಅಲ್ಲ.

ಓದಲು ಎಲ್ಲಿಂದ ಶುರು ಮಾಡಬೇಕು?

ಮೊದಲು ರಾಜಾಜಿ ಬರೆದ ಮಹಾಭಾರತ, ಅವರ ಗದ್ಯದ ಹದ ಅಲ್ಲಿ ಬೇಗ ಸಿಗುತ್ತದೆ. ಆಮೇಲೆ 1921-22ರ ಜೈಲಿನ ದಿನಚರಿ. ‘ಸ್ವರಾಜ್ಯ’ದ ಲೇಖನಗಳ ಸಂಗ್ರಹವಾದ ‘ಸತ್ಯಮೇವ ಜಯತೇ’ ಸಂಪುಟಗಳನ್ನು ಕ್ರಮವಾಗಿ ಓದಬೇಕಾಗಿಲ್ಲ. 1959ರ ಆಸುಪಾಸಿನ ಲೇಖನಗಳನ್ನು ಆರಿಸಿಕೊಂಡು, ಪಕ್ಕದಲ್ಲಿ ಗೋಪಾಲಗೌಡರ ಸದನದ ಭಾಷಣಗಳನ್ನು ಇಟ್ಟುಕೊಂಡರೆ ಇಬ್ಬರೂ ಹೆಚ್ಚು ಅರ್ಥವಾಗುತ್ತಾರೆ. ಮೊಮ್ಮಗ ರಾಜಮೋಹನ ಗಾಂಧಿಯವರು ಬರೆದ ಜೀವನಚರಿತ್ರೆಯನ್ನು ಇವೆಲ್ಲ ಆದಮೇಲೆ ಹಿಡಿಯುವುದು ಒಳ್ಳೆಯದು.